ನೀಲಿ ಚಿಟ್ಟೆಗಳ ನೆಲೆ



ವಿಜ್ಞಾನದ ವಿಷಯವನ್ನು ಕನ್ನಡದಲ್ಲಿ, ಊರಿನ ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಆಶಯ. ಅದಕ್ಕೆ ಒಪ್ಪುವ ವಿಷಯವೆಂದು ನಾನು ನೀಲಿ ಚಿಟ್ಟೆಗಳನ್ನು ಆರಿಸಿಕೊಂಡಿದ್ದೇನೆ. ನೀಲಿ ಚಿಟ್ಟೆ ಎಂದೊಡನೆ ತೋಟದ ಮೇಲಿಂದ ತೇಲಿಹೋಗುವ ದೊಡ್ಡ, ಬೆಡಗಿನ ಚಿಟ್ಟೆಗಳು ನೆನಪಾಗುತ್ತವೆ. ಅವುಗಳ ಮಾತನ್ನೂ ಆಡೋಣ. ಆದರೆ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಉಗುರಿನಷ್ಟು ಅಗಲದ, ಮೊಣಕಾಲೆತ್ತರ ದಾಟಿ ಹಾರದ ಪುಟ್ಟ ನೀಲಿಗಳ ಹತ್ತಿರ. ಒಂದು ಜೀವಿ ಎಲ್ಲಿ ಬದುಕುತ್ತದೆ ಎಂದು ಕೇಳಿದರೆ ನಾವು ಭೂಪಟದ ಮೇಲೆ ಬಣ್ಣ ಬಳಿದು ತೋರಿಸುತ್ತೇವೆ. ಈ ಪುಟ್ಟ ಚಿಟ್ಟೆಗಳ ನೆಲೆಯನ್ನು ಗುರುತಿಸಲು ಭೂಪಟ ಸಾಲದು. ಹುಲ್ಲು ಎಷ್ಟು ಬೆರಳೆತ್ತರ ಬೆಳೆದಿದೆ, ಅದರ ಬುಡದಲ್ಲಿ ಯಾವ ಇರುವೆ ಗೂಡು ಮಾಡಿದೆ, ಅಲ್ಲಿ ದನ ಮೇಯುತ್ತವೆಯೋ ಇಲ್ಲವೋ, ಇಷ್ಟನ್ನೂ ಕುಕ್ಕರಗಾಲಲ್ಲಿ ಕೂತು ನೋಡಬೇಕಾಗುತ್ತದೆ.

ಮೊದಲು ದೊಡ್ಡವರನ್ನು ಮಾತನಾಡಿಸಿ ಮುಂದೆ ಹೋಗೋಣ. ನಿಂಬೆ, ಕಿತ್ತಳೆ, ಮಾದಳದ ಗಿಡ ಇರುವ ಹಿತ್ತಲಿಗೆ ಬರುವ ಬ್ಲೂ ಮಾರ್ಮನ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಖಮಲ್ಲಿನ ಕಪ್ಪು, ಹಿಂರೆಕ್ಕೆಯ ತುಂಬ ತಿಳಿನೀಲಿ, ಆ ನೀಲಿಯ ಮೇಲೆ ಸಾಲಾಗಿ ಕಪ್ಪು ಬೊಟ್ಟು. ಮುಖ್ಯವಾಗಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಚಿಟ್ಟೆ ಇದು. 2015ರಲ್ಲಿ ಮಹಾರಾಷ್ಟ್ರ ಇದನ್ನು ತನ್ನ ರಾಜ್ಯಚಿಟ್ಟೆ ಎಂದು ಘೋಷಿಸಿತು. ರಾಜ್ಯಕ್ಕೊಂದು ಚಿಟ್ಟೆ ಎಂಬ ಪದ್ಧತಿ ನಮ್ಮ ದೇಶದಲ್ಲಿ ಶುರುವಾದದ್ದೇ ಅಲ್ಲಿಂದ. ಕೇರಳ 2018ರಲ್ಲಿ ಆರಿಸಿಕೊಂಡ ಮಲಬಾರ್ ಬ್ಯಾಂಡೆಡ್ ಪೀಕಾಕ್ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಕಪ್ಪು ರೆಕ್ಕೆಯ ಅಡ್ಡಕ್ಕೆ ಹಸಿರು ಬೆರೆತ ನೀಲಿ ಪಟ್ಟಿ. ಅದರ ಮರಿಹುಳ ಬೆಳೆಯುವುದು ಜುಮ್ಮನಕಾಯಿ ಮರದ ಎಲೆಯ ಮೇಲೆ. ಕೊಂಕಣಿಗರು ತೆಪ್ಪಳ ಎಂದು ಸಾರಿಗೆ ಹಾಕುತ್ತಾರಲ್ಲ, ಅದೇ ಮುಳ್ಳುಮರ. ಆ ಮರವನ್ನು ಕಡಿದ ಗುಡ್ಡದಲ್ಲಿ ಈ ಚಿಟ್ಟೆಯನ್ನು ಹುಡುಕಿ ಪ್ರಯೋಜನವಿಲ್ಲ. ಇನ್ನು ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್. ಮುಂಗಾರಿಗೆ ಮುಂಚೆ ಇವು ಘಟ್ಟದ ಕಾಡು ಬಿಟ್ಟು ಪೂರ್ವದ ಬಯಲಿನತ್ತ ಹೊರಡುತ್ತವೆ, ಮಳೆಗಾಲ ಕಳೆದ ಮೇಲೆ ಮರಳುತ್ತವೆ. ಬೆಂಗಳೂರಿನ ವಾಹನಗಳ ನಡುವೆ ಒಂದೇ ದಿಕ್ಕಿಗೆ ಸಾಗುವ ಇವುಗಳ ದಂಡನ್ನು ನೀವು ನೋಡಿರಬಹುದು. ಗಿಜಿಗಿಜಿ ಗಿಡ, ಚೇಳುಕೊಂಡಿ ಗಿಡಗಳ ಮೇಲೆ ಗಂಡುಗಳು ಗುಂಪಾಗಿ ಕೂತು ಒಣಗಿದ ಭಾಗವನ್ನು ಹೀರುತ್ತವೆ. ಅಲ್ಲಿ ಸಿಗುವ ಕಹಿ ರಾಸಾಯನಿಕ ಅವುಗಳ ಮೈಗೆ ರಕ್ಷಣೆ, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಮೂಲದ್ರವ್ಯ.

ಈ ನೀಲಿ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಟ್ಟೆಯನ್ನು ಹಿಡಿದರೆ ಬೆರಳಿಗೆ ಅಂಟುವ ಹುಡಿ ಇದೆಯಲ್ಲ, ಅದರ ಒಂದೊಂದು ಕಣವೂ ಒಂದೊಂದು ಹುರುಪೆ. ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಸಾಲಾಗಿ ಕೂತಿರುತ್ತದೆ. ಕಂದು, ಕಪ್ಪು, ಹಳದಿ ಬಣ್ಣದ ಹುರುಪೆಗಳಲ್ಲಿ ನಿಜಕ್ಕೂ ಬಣ್ಣದ ವಸ್ತು ಇದೆ. ನೀಲಿಯಲ್ಲಿ ಬಹುಮಟ್ಟಿಗೆ ಅದು ಇಲ್ಲ. ಹುರುಪೆಯ ಒಳಗೆ ಕೈಟಿನ್ ಎಂಬ ಪದಾರ್ಥದ ಅತಿ ತೆಳುವಾದ ಪದರಗಳು, ನಡುನಡುವೆ ಗಾಳಿ. ಬೆಳಕು ಆ ಪದರಗಳಿಂದ ಪ್ರತಿಫಲಿಸುವಾಗ ನೀಲಿಯ ಅಲೆಗಳು ಒಂದನ್ನೊಂದು ಬಲಪಡಿಸಿಕೊಂಡು ಹೊರಬರುತ್ತವೆ, ಉಳಿದವು ಸೊರಗುತ್ತವೆ. ದಕ್ಷಿಣ ಅಮೆರಿಕದ ಮಾರ್ಫೊ ಚಿಟ್ಟೆಯ ರೆಕ್ಕೆಯ ಮೇಲೆ ಒಂದು ಹನಿ ಮದ್ಯಸಾರ ಬಿಟ್ಟರೆ ಗಾಳಿಯ ಜಾಗವನ್ನು ದ್ರವ ತುಂಬಿ ನೀಲಿ ಹಸಿರಾಗುತ್ತದೆ. ಆರಿದ ಮೇಲೆ ಮತ್ತೆ ಅದೇ ನೀಲಿ. ನೂರು ವರ್ಷ ಹಳೆಯ ಮಾದರಿಯಲ್ಲೂ ಹೀಗೇ ಆಗುತ್ತದೆ, ಏಕೆಂದರೆ ಮಾಸಿಹೋಗಲು ಅಲ್ಲಿ ಬಣ್ಣವೇ ಇಲ್ಲ. ಇದಕ್ಕೆ ಅಪವಾದವೂ ಇದೆ. ನಮ್ಮ ಮಲೆನಾಡಿನ ಹೊಳೆದಂಡೆಯ ಒದ್ದೆ ಮರಳಲ್ಲಿ ನೀರು ಹೀರುತ್ತ ಕೂರುವ ಬ್ಲೂಬಾಟಲ್ ಚಿಟ್ಟೆಯ ನೀಲಿಪಟ್ಟಿಯಲ್ಲಿ ಪಿತ್ತರಸದ ಜಾತಿಯ ನಿಜವಾದ ಬಣ್ಣವೇ ಇದೆ.

ಇನ್ನು ನಮ್ಮ ಪುಟ್ಟ ನೀಲಿಗಳು. ಜೀವಶಾಸ್ತ್ರದವರು ಇವುಗಳನ್ನು ಲೈಸೆನಿಡೇ ಎಂಬ ಕುಟುಂಬಕ್ಕೆ ಸೇರಿಸುತ್ತಾರೆ. ಜಗತ್ತಿನಲ್ಲಿ ಈ ಕುಟುಂಬದ 5000ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ನೀಲಿಯಲ್ಲ. ಕುಟುಂಬದಲ್ಲಿ ತಾಮ್ರದ ಬಣ್ಣದವೂ ಬೆಳ್ಳಿಯ ಗೆರೆಯವೂ ಇವೆ. ನೀಲಿ ಎಂಬ ಹೆಸರು ಪಡೆದವುಗಳಲ್ಲೂ ಎಷ್ಟೋ ಬಾರಿ ಗಂಡು ಮಾತ್ರ ನೀಲಿ, ಹೆಣ್ಣು ಕಂದು. ರೆಕ್ಕೆ ಮಡಚಿ ಕೂತರೆ ಎರಡೂ ಬೂದಿ ಬಣ್ಣ, ಅದರ ಮೇಲೆ ಬಿಳಿಯ ಅಂಚಿರುವ ಕಪ್ಪು ಚುಕ್ಕೆ. ಹಾಗಾಗಿಯೇ ಇವು ಕಣ್ಣೆದುರೇ ಮಾಯವಾಗುತ್ತವೆ. ನೀಲಿಯ ಕಿಡಿಯೊಂದು ಹಾರಿಬಂತು ಎನ್ನುವಷ್ಟರಲ್ಲಿ ಹುಲ್ಲಿನ ಮೇಲೆ ಕೂತು ಒಣ ಎಲೆಯ ಚೂರಾಗಿಬಿಡುತ್ತದೆ.

ಇವುಗಳ ಊಟದ ಪಟ್ಟಿ ನೋಡಿದರೆ ನಾವು ಕಳೆ ಎಂದು ಕಿತ್ತೆಸೆಯುವ ಗಿಡಗಳೇ ಹೆಚ್ಚು. ಡಾರ್ಕ್ ಗ್ರಾಸ್ ಬ್ಲೂ ಮೊಟ್ಟೆಯಿಡುವುದು ಕಾಲಿಗೆ ಚುಚ್ಚುವ ನೆಗ್ಗಿಲಮುಳ್ಳಿನ ಬಳ್ಳಿಯ ಮೇಲೆ, ಕಾಡುದಂಟಿನ ಮೇಲೆ. ಪೇಲ್ ಗ್ರಾಸ್ ಬ್ಲೂಗೆ ಹುಲ್ಲಿನ ಮಧ್ಯೆ ಹಬ್ಬುವ, ಮಕ್ಕಳು ಹುಳಿಯೆಂದು ಅಗಿಯುವ ಪುಲ್ಲಂಪುರಚಿ ಬೇಕು. ಜೀಬ್ರಾ ಬ್ಲೂಗೆ ಚಿತ್ರಮೂಲ. ಮನೆಯ ಬೇಲಿಗೆ ಹಬ್ಬಿಸುವ ನೀಲಿ ಹೂವಿನ ಪ್ಲಂಬಾಗೊ ಆದರೂ ನಡೆಯುತ್ತದೆ. ನಗರದ ಬಡಾವಣೆಗಳಲ್ಲಿ ಅದು ಉಳಿಯಲು ಈ ಅಲಂಕಾರದ ಗಿಡವೂ ಕಾರಣ. ಪ್ಲೇನ್ಸ್ ಕ್ಯುಪಿಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಚೇರಿ, ಹೋಟೆಲುಗಳ ಮುಂದೆ ನೆಡುವ ಸೈಕಸ್ ಗಿಡದ ಎಳೆಸುಳಿ ಅದರ ಮರಿಗಳಿಗೆ ಪ್ರಿಯ. ಈ ಗಿಡಗಳ ಸಾಗಾಟದ ಜತೆಗೇ ಅದು ನಮ್ಮ ಕಡೆಯಿಂದ ಮಾರಿಷಸ್, ಈಜಿಪ್ಟ್‌ವರೆಗೂ ಹೋಗಿ ನೆಲೆಯೂರಿದೆ.

ಪುಟ್ಟದಾದ ಮಾತ್ರಕ್ಕೆ ವ್ಯಾಪ್ತಿಯೂ ಪುಟ್ಟದೆಂದು ತಿಳಿಯಬಾರದು. ನಮ್ಮ ಅಂಗಳದ ಪೇಲ್ ಗ್ರಾಸ್ ಬ್ಲೂ ಜಪಾನಿನವರೆಗೂ ಹಬ್ಬಿದೆ. 2011ರಲ್ಲಿ ಫುಕುಶಿಮಾದ ಅಣುಸ್ಥಾವರದಲ್ಲಿ ಅವಘಡವಾದಾಗ ಜಪಾನಿನ ವಿಜ್ಞಾನಿಗಳು ವಿಕಿರಣದ ಪರಿಣಾಮ ತಿಳಿಯಲು ಆರಿಸಿಕೊಂಡ ಜೀವಿಗಳಲ್ಲಿ ಇದೂ ಒಂದು. ಎಲ್ಲಿ ಬೇಕಾದರೂ ಸಿಗುತ್ತದೆ, ಒಂದೇ ಗಿಡವನ್ನು ತಿನ್ನುತ್ತದೆ, ಹುಟ್ಟಿದ ಜಾಗದಿಂದ ದೂರ ಹೋಗುವುದಿಲ್ಲ. ಆ ನೆಲದ ಪರಿಸ್ಥಿತಿಯನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ರೆಕ್ಕೆಯ ಗಾತ್ರದಲ್ಲಿ, ಚುಕ್ಕೆಗಳಲ್ಲಿ ಆದ ವ್ಯತ್ಯಾಸಗಳನ್ನು ಅವರು 2012ರಲ್ಲಿ ಪ್ರಕಟಿಸಿದರು.

ಪೀ ಬ್ಲೂ ಎಂಬುದರ ಸ್ವಭಾವ ಇದಕ್ಕೆ ಪೂರಾ ವಿರುದ್ಧ. ಆಫ್ರಿಕಾ, ದಕ್ಷಿಣ ಯುರೋಪ್, ಏಷ್ಯಾ, ಆಸ್ಟ್ರೇಲಿಯಾ, ಹವಾಯಿ, ಎಲ್ಲೆಲ್ಲೂ ಅದು ಇದೆ. ಅವರೆ, ಅಲಸಂದೆ ಹೂಬಿಟ್ಟಾಗ ಹೊಲದಲ್ಲಿ ನಿಂತು ನೋಡಿ. ಮಾಸಲು ನೇರಳೆ ಛಾಯೆಯ ನೀಲಿ. ಕೂತಾಗ ಅಡಿಬದಿಯಲ್ಲಿ ಕಂದು-ಬಿಳಿ ಅಲೆಗೆರೆಗಳು. ಹಿಂರೆಕ್ಕೆಯ ತುದಿಯಲ್ಲಿ ಕಿತ್ತಳೆ ಉಂಗುರದೊಳಗೆ ಎರಡು ಕಪ್ಪು ಬೊಟ್ಟು, ಪಕ್ಕದಲ್ಲೇ ನೂಲಿನೆಳೆಯಂಥ ಬಾಲ. ಕೂತಲ್ಲೇ ಹಿಂರೆಕ್ಕೆಗಳನ್ನು ಮೆಲ್ಲಗೆ ಮೇಲೆ ಕೆಳಗೆ ಉಜ್ಜುತ್ತಿರುತ್ತದೆ. ಆಗ ಬೊಟ್ಟು ಕಣ್ಣಾಗಿ, ಬಾಲ ಮೀಸೆಯಾಗಿ, ಹಿಂಭಾಗವೇ ತಲೆಯಂತೆ ತೋರುತ್ತದೆ. ಓತಿಕ್ಯಾತವೋ ಹಕ್ಕಿಯೋ ಅಲ್ಲಿಗೆ ಬಾಯಿ ಹಾಕುತ್ತದೆ. ರೆಕ್ಕೆಯ ಚೂರು ಬಿಟ್ಟುಕೊಟ್ಟು ಚಿಟ್ಟೆ ಪಾರಾಗುತ್ತದೆ. ಸುಗ್ಗಿಯ ಹೊತ್ತಿಗೆ ಹೊಲದಲ್ಲಿ ಹಾರುವ ಪೀ ಬ್ಲೂಗಳನ್ನು ಗಮನಿಸಿದರೆ ಆ ಮೂಲೆಯೇ ಹರಿದುಹೋದವು ಬೇಕಾದಷ್ಟು ಸಿಗುತ್ತವೆ. ನಮ್ಮ ರೈತರಿಗೆ ಇದು ಹೂ, ಕಾಯಿ ಕೊರೆಯುವ ಪೀಡೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಕೆಲವು ಬೇಸಿಗೆಗಳಲ್ಲಿ ಇದೇ ಚಿಟ್ಟೆ ಸಮುದ್ರ ದಾಟಿ ಬರುತ್ತದೆ. 2013ರಲ್ಲಿ ಹಾಗೆ ಬಂದಾಗ ಚಿಟ್ಟೆಪ್ರಿಯರು ಊರೂರಿಂದ ನೋಡಲು ಹೋದರು.

ಪೀಡೆಯ ಮಾತು ಬಂದದ್ದರಿಂದ ದಾಳಿಂಬೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗದ ಬೆಳೆಗಾರರಿಗೆ ಹಣ್ಣು ಕೊರೆಯುವ ಹುಳ ಗೊತ್ತು. ಅದೂ ಈ ಕುಟುಂಬದ್ದೇ. ಬೆಳೆದು ರೆಕ್ಕೆ ಬಂದ ಗಂಡಿನ ಮೈ ನೇರಳೆ-ನೀಲಿಯಾಗಿ ಮಿನುಗುತ್ತದೆ. ಮರಿಹುಳ ಕಾಯಿಯೊಳಗೆ ಹೊಕ್ಕು ಬೀಜ ತಿನ್ನುತ್ತದೆ. ಕೊರೆದ ಕಾಯಿ ಬೇಗ ಉದುರುತ್ತದೆ, ಉದುರಿದರೆ ಒಳಗಿರುವ ಹುಳಕ್ಕೆ ಅಪಾಯ. ಅದಕ್ಕೆ ಹುಳ ರಾತ್ರಿ ಹೊರಬಂದು, ಕಾಯಿಯ ತೊಟ್ಟನ್ನು ತನ್ನ ರೇಷ್ಮೆಯಿಂದ ಕೊಂಬೆಗೆ ಬಿಗಿದು ಸುತ್ತಿ, ಮತ್ತೆ ಒಳಗೆ ಹೋಗುತ್ತದೆ. ಬೆಳೆ ಕಳೆದುಕೊಂಡ ರೈತನ ಮುಂದೆ ನಿಂತು ಈ ಜಾಣ್ಮೆಯನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಕಾಯಿಗೆ ಚೀಲ ಕಟ್ಟಿ ಕಾಪಾಡಿಕೊಳ್ಳುವುದು ಅವರ ಹಕ್ಕು, ಅದು ವಿಷ ಸಿಂಪಡಿಸುವುದಕ್ಕಿಂತ ಒಳ್ಳೆಯ ದಾರಿಯೂ ಹೌದು. ಆದರೆ ಒಂದೆರಡು ಪ್ರಭೇದಗಳ ತಪ್ಪಿಗೆ ಇಡೀ ಕುಟುಂಬದ ಮೇಲೆ ದಾವೆ ಹೂಡಬಾರದು.

ಈಗ ಇರುವೆಗಳ ಕಡೆಗೆ ಬರೋಣ. ಈ ಕುಟುಂಬದಲ್ಲಿ ಬಾಳಿನ ವಿವರ ಗೊತ್ತಿರುವ ಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇರುವೆಗಳ ನಂಟಿದೆ. ಮರಿಹುಳ ಗಿಡ್ಡ, ಚಪ್ಪಟೆ, ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡಿರುತ್ತದೆ. ಅದರ ಬೆನ್ನಿನ ಹಿಂಭಾಗದಲ್ಲಿ ಸಿಹಿ ಒಸರುವ ಸಣ್ಣ ಗ್ರಂಥಿ. ಇರುವೆ ತನ್ನ ಮೀಸೆಗಳಿಂದ ಅಲ್ಲಿ ತಟ್ಟುತ್ತದೆ. ಒಂದು ತೊಟ್ಟು ಮೂಡುತ್ತದೆ, ಇರುವೆ ಹೀರುತ್ತದೆ. ಸಕ್ಕರೆಯ ಜತೆ ಅಮೈನೊ ಆಮ್ಲಗಳೂ ಅದರಲ್ಲಿರುತ್ತವೆ. ಪ್ರತಿಯಾಗಿ ಇರುವೆ ಕಾವಲು ನಿಲ್ಲುತ್ತದೆ. ಹುಳದ ಮೈಯಲ್ಲಿ ಮೊಟ್ಟೆಯಿಡಲು ಬರುವ ಕಣಜವನ್ನು ಓಡಿಸುತ್ತದೆ. ಇದು ಸಮನಾದ ಕೊಡುಕೊಳೆ ಎಂದೇ ಬಹಳ ಕಾಲ ತಿಳಿಯಲಾಗಿತ್ತು. ಜಪಾನಿನ ಓಕ್‌ಬ್ಲೂ ಚಿಟ್ಟೆಯ ಮರಿಹುಳದ ಮೇಲೆ ನಡೆದ ಅಧ್ಯಯನ 2015ರಲ್ಲಿ ಬೇರೆ ಮುಖ ತೋರಿಸಿತು. ಆ ಸಿಹಿಯನ್ನು ಕುಡಿದ ಇರುವೆಗಳ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ ಅವು ಅಲೆದಾಟ ಬಿಟ್ಟು ಹುಳದ ಬಳಿಯೇ ಉಳಿದುಬಿಡುತ್ತವೆ. ನಮ್ಮ ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆ ಇದೆಯಲ್ಲ, ಎಲೆ ಹೊಲಿದು ಗೂಡು ಕಟ್ಟುವುದು, ಅದರ ಕಾವಲಿನಲ್ಲಿ ಬೆಳೆಯುವ ದೊಡ್ಡ ಓಕ್‌ಬ್ಲೂ ನಮ್ಮ ಮತ್ತಿ, ಹೊಳೆದಾಸವಾಳದ ಮರಗಳ ಮೇಲೇ ಇದೆ. ಚಗಳಿಯ ಹತ್ತಿರ ಕೈ ಹಾಕಿದವರಿಗೆ ಆ ಕಾವಲು ಎಂಥದ್ದೆಂದು ನಾನು ಹೇಳಬೇಕಾಗಿಲ್ಲ.

ಇರುವೆಯ ಸಖ್ಯ ಎಷ್ಟು ಆಳಕ್ಕೆ ಹೋಗಬಹುದು, ಅದನ್ನು ಅರಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆಯ ಚರಿತ್ರೆ ಇದೆ. ಇವತ್ತಿನ ಉಪನ್ಯಾಸದ ಒಂದು ದೊಡ್ಡ ಪಾಲನ್ನು ನಾನು ಅದಕ್ಕೇ ಇಟ್ಟುಕೊಂಡಿದ್ದೇನೆ.

ಹೆಸರಿಗೆ ಲಾರ್ಜ್ ಆದರೂ ರೆಕ್ಕೆ ಬಿಚ್ಚಿದರೆ ನಾಲ್ಕು-ಐದು ಸೆಂಟಿಮೀಟರ್, ಅಷ್ಟೆ. ಹೊಳೆಯುವ ನೀಲಿ, ಅಂಚಿಗೆ ಕಪ್ಪು, ಮುಂರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳ ಕಮಾನು. ಯುರೋಪಿನಿಂದ ಸೈಬೀರಿಯಾ, ಮಂಗೋಲಿಯಾವರೆಗೆ ಅದರ ವ್ಯಾಪ್ತಿ. ಭೂಪಟದಲ್ಲಿ ನೋಡಿದರೆ ಅರ್ಧ ಖಂಡ. ಆದರೆ ಆ ವಿಸ್ತಾರದೊಳಗೆ ಅದು ಸಿಗುವುದು ಅಲ್ಲೊಂದು ಇಲ್ಲೊಂದು ಬಿಸಿಲು ಬೀಳುವ ಇಳಿಜಾರಿನಲ್ಲಿ. ಅಲ್ಲಿ ಕಾಡು ಥೈಮ್ ಎಂಬ ನೆಲಕ್ಕೆ ಹಬ್ಬಿದ ಗಿಡವಿದೆ. ನಮ್ಮ ಓಮದಲ್ಲಿರುವ ಘಾಟಿನ ಎಣ್ಣೆಯೇ ಅದರಲ್ಲೂ ಇದೆ. ಹೆಣ್ಣು ಚಿಟ್ಟೆ ಅದರ ಮೊಗ್ಗಿಗೆ ಮೊಟ್ಟೆಯಿಡುತ್ತದೆ. ಮರಿಹುಳ ಎರಡು-ಮೂರು ವಾರ ಹೂ ತಿಂದು, ಒಂದು ಸಂಜೆ ಗಿಡದಿಂದ ನೆಲಕ್ಕೆ ಬೀಳುತ್ತದೆ. ಆಮೇಲೆ ಸೊಪ್ಪು ಮುಟ್ಟುವುದಿಲ್ಲ.

ಹೀಗೆ ಬಿದ್ದ ಹುಳ ಎಲ್ಲಿಗೆ ಹೋಗುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. ಸಾಕಿ ನೋಡಿದವರ ಹುಳಗಳೆಲ್ಲ ಈ ಹಂತಕ್ಕೆ ಬಂದು ಸಾಯುತ್ತಿದ್ದವು. 1915ರಲ್ಲಿ ಚಾಪ್‌ಮನ್ ಎಂಬ ಕೀಟತಜ್ಞರು ಥೈಮ್ ಗಿಡವೊಂದನ್ನು ಕಿತ್ತಾಗ ಅದರ ಬೇರಿನಡಿ ಇರುವೆಗೂಡು, ಗೂಡಿನೊಳಗೆ ಆ ಹುಳ ಸಿಕ್ಕಿತು. ಫ್ರೊಹಾಕ್ ಮತ್ತು ಕ್ಯಾಪ್ಟನ್ ಪ್ಯೂರ್‌ಫಾಯ್ ಈ ಜಾಡು ಹಿಡಿದು ಪೂರ್ತಿ ಜೀವನಚಕ್ರವನ್ನು ಬಿಡಿಸಿದರು. ಪ್ಯೂರ್‌ಫಾಯ್ ಅಕ್ರೋಟದ ಚಿಪ್ಪಿನೊಳಗೆ ಇರುವೆಗಳಿಗೆ ಮನೆ ಮಾಡಿಕೊಟ್ಟು ಹುಳ ಬೆಳೆಯುವುದನ್ನು ನೋಡಿದವರು.

ನೆಲದ ಮೇಲೆ ನಡೆಯುವುದು ಹೀಗೆ. ಮಿರ್ಮಿಕಾ ಎಂಬ ಕೆಂಪಿರುವೆ ಹುಳವನ್ನು ಕಾಣುತ್ತದೆ, ಮೀಸೆಯಿಂದ ತಟ್ಟಿ ಸಿಹಿ ಕುಡಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹುಳ ಮುಂಭಾಗವನ್ನು ಎತ್ತಿ, ಚರ್ಮ ಬಿಗಿದು, ಇರುವೆಮರಿಯ ಹಾಗೆ ಆಕಾರ ಬದಲಿಸುತ್ತದೆ. ಅದರ ಮೈವಾಸನೆಯೂ ಇರುವೆಮರಿಯದ್ದೇ. ಗೂಡಿನಿಂದ ತಪ್ಪಿಸಿಕೊಂಡ ತನ್ನದೇ ಮರಿ ಎಂದುಕೊಂಡ ಇರುವೆ ಅದನ್ನು ಕಚ್ಚಿ ಎತ್ತಿ ಒಳಗೆ ಒಯ್ಯುತ್ತದೆ. ಒಳಗೆ ಹೋದ ಹುಳ ಸುಮಾರು ಹತ್ತು ತಿಂಗಳು ಇರುವೆಗಳ ಮೊಟ್ಟೆ-ಮರಿಗಳನ್ನೇ ತಿಂದು ಬೆಳೆಯುತ್ತದೆ. ತನ್ನ ಕೊನೆಯ ತೂಕದ ನೂರಕ್ಕೆ 98 ಪಾಲಿಗಿಂತ ಹೆಚ್ಚನ್ನು ಅದು ಗಳಿಸುವುದು ಆ ಕತ್ತಲೆಯಲ್ಲೇ. ಮಾರನೆಯ ಬೇಸಿಗೆಯಲ್ಲಿ ಕೋಶದಿಂದ ಚಿಟ್ಟೆಯಾಗಿ ಹೊರಟು, ಇರುವೆದಾರಿಯಲ್ಲೇ ತೆವಳಿ ಮೇಲೆ ಬಂದು ರೆಕ್ಕೆ ಒಣಗಿಸಿಕೊಳ್ಳುತ್ತದೆ. ಇದೇ ಬಳಗದ ಇನ್ನೊಂದು ಯುರೋಪಿಯನ್ ನೀಲಿಯ ಹುಳ, ಕೋಶಗಳು ರಾಣಿ ಇರುವೆಯ ಸದ್ದನ್ನೇ ಅನುಕರಿಸಿ ಗೂಡಿನಲ್ಲಿ ರಾಜೋಪಚಾರ ಪಡೆಯುತ್ತವೆ ಎಂದು 2009ರಲ್ಲಿ ಧ್ವನಿಮುದ್ರಣದಿಂದ ಗೊತ್ತಾಯಿತು. ಆ ಹುಳವನ್ನು ಹುಡುಕಿಕೊಂಡು ಇರುವೆಗೂಡಿಗೇ ನುಗ್ಗುವ ಕಣಜವೂ ಒಂದಿದೆ. ಆ ಕಣಜ ಬಿಡುವ ರಾಸಾಯನಿಕಕ್ಕೆ ಇರುವೆಗಳು ತಮ್ಮತಮ್ಮಲ್ಲೇ ಕಚ್ಚಾಡತೊಡಗುತ್ತವೆ. ಆ ಗದ್ದಲದಲ್ಲಿ ಕಣಜ ಚಿಟ್ಟೆಹುಳದೊಳಗೆ ಮೊಟ್ಟೆಯಿಟ್ಟು ಹೊರಡುತ್ತದೆ. ಅಂಗೈಯಗಲದ ನೆಲದಡಿ ಇಷ್ಟೆಲ್ಲ ನಡೆಯುತ್ತಿರುತ್ತದೆ.

ಜೀವನಚಕ್ರ ತಿಳಿಯಿತು. ಆದರೂ ಇಂಗ್ಲೆಂಡಿನಲ್ಲಿ ಚಿಟ್ಟೆ ವರ್ಷವರ್ಷಕ್ಕೂ ಇಳಿಯುತ್ತಲೇ ಹೋಯಿತು. ದೋಷ ಬಿದ್ದದ್ದು ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಚುಚ್ಚಿಡುವ ಸಂಗ್ರಾಹಕರ ಮೇಲೆ. ಹಾಗಾಗಿ ಉಳಿದ ನೆಲೆಗಳನ್ನು ರಕ್ಷಿಸಲು ಬೇಲಿ ಹಾಕಿದರು. ಬೇಲಿ ಸಂಗ್ರಾಹಕರನ್ನು ತಡೆಯಿತು. ದನಗಳನ್ನೂ ತಡೆಯಿತು. ಒಳಗೆ ಥೈಮ್ ಇತ್ತು, ಇರುವೆಯೂ ಇತ್ತು, ಚಿಟ್ಟೆ ಮಾತ್ರ ಇಲ್ಲವಾಯಿತು. ಇದರ ಮೇಲೆ 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಬಂದು ಹುಲ್ಲು ಮೇಯುತ್ತಿದ್ದ ಮೊಲಗಳು ಬಹುಪಾಲು ಸತ್ತವು. ಲಾಭವಿಲ್ಲದ ಇಳಿಜಾರುಗಳಲ್ಲಿ ದನ, ಕುರಿ ಮೇಯಿಸುವುದನ್ನು ರೈತರೂ ಬಿಟ್ಟರು.

1970ರ ದಶಕದ ಆರಂಭದಲ್ಲಿ ಜೆರೆಮಿ ಥಾಮಸ್ ಎಂಬ ಯುವ ವಿಜ್ಞಾನಿ ಉಳಿದಿದ್ದ ನೆಲೆಯ ಬಳಿ ಬೀಡುಬಿಟ್ಟು ಮೊಟ್ಟೆ, ಹುಳ, ಇರುವೆ, ಹುಲ್ಲು ಎಲ್ಲವನ್ನೂ ಅಳೆಯತೊಡಗಿದರು. ಯಾವ ಮಿರ್ಮಿಕಾ ಆದರೂ ಸರಿ ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಥಾಮಸ್ ಕಂಡುಕೊಂಡದ್ದು ಬೇರೆ. ಹುಳವನ್ನು ಹಲವು ಜಾತಿಯ ಇರುವೆಗಳು ಎತ್ತಿಕೊಂಡು ಹೋಗುತ್ತವೆ, ಆದರೆ ಅದು ಚೆನ್ನಾಗಿ ಬದುಕುಳಿಯುವುದು ಮಿರ್ಮಿಕಾ ಸಬುಲೆಟಿ ಎಂಬ ಒಂದರ ಗೂಡಿನಲ್ಲಿ. ಆ ಇರುವೆಗೆ ಬೆಚ್ಚನೆಯ ನೆಲ ಬೇಕು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಾಗಿರಬೇಕು, ಹುಲ್ಲು ಮೂರು ಸೆಂಟಿಮೀಟರ್ ದಾಟಬಾರದು. ಹುಲ್ಲು ಅದಕ್ಕಿಂತ ಬೆಳೆದರೆ ನೆಲಕ್ಕೆ ನೆರಳು ಬಿದ್ದು ಎರಡು-ಮೂರು ಡಿಗ್ರಿ ತಂಪಾಗುತ್ತದೆ. ತಂಪು ಸಹಿಸುವ ಇನ್ನೊಂದು ಮಿರ್ಮಿಕಾ ಬಂದು ಜಾಗ ಹಿಡಿಯುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ಥರ. ಹುಳಕ್ಕೆ ಮಾತ್ರ ಒಂದು ಮನೆ, ಇನ್ನೊಂದು ಗೋರಿ. ಈ ತಿಳಿವಳಿಕೆ ಬರುವ ಹೊತ್ತಿಗೆ ಚಿಟ್ಟೆಗಳು ಕೈಬೆರಳಲ್ಲಿ ಎಣಿಸುವಷ್ಟಾಗಿದ್ದವು. 1979ರಲ್ಲಿ ಲಾರ್ಜ್ ಬ್ಲೂ ಬ್ರಿಟನ್ನಿನಿಂದ ಅಳಿದುಹೋಯಿತು.

ಥಾಮಸ್ ಕೈಚೆಲ್ಲಲಿಲ್ಲ. ಪೊದೆ ಕಡಿದು, ದನ-ಕುದುರೆಗಳನ್ನು ಮತ್ತೆ ಮೇಯಲು ಬಿಟ್ಟು, ಹುಲ್ಲನ್ನು ಗಿಡ್ಡಗೊಳಿಸಿ, ಮೊದಲು ಇರುವೆಯನ್ನು ಮರಳಿ ಬರಿಸಿದರು. ಆಮೇಲೆ ಸ್ವೀಡನ್ನಿನ ಓಲಂಡ್ ದ್ವೀಪದಿಂದ ಚಿಟ್ಟೆಯ ಸಂತತಿ ತಂದು 1983ರಿಂದ ಬಿಡಲು ಶುರುಮಾಡಿದರು. ಥಾಮಸ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಸಿಮ್‌ಕಾಕ್ಸ್ ಇದನ್ನು ದಶಕಗಳ ಕಾಲ ನಡೆಸಿದರು. ಸಾಮರ್‌ಸೆಟ್‌ನ ಕೊಲ್ಲಾರ್ಡ್ ಹಿಲ್‌ನಲ್ಲಿ ಈಗ ಜೂನ್ ತಿಂಗಳಲ್ಲಿ ಸಾರ್ವಜನಿಕರೇ ಹೋಗಿ ನೋಡಬಹುದು. ಗ್ಲಾಸ್ಟರ್‌ಶೈರ್‌ನ ರಾಡ್‌ಬರೋ ಕಾಮನ್ ಎಂಬ ಊರೊಟ್ಟಿನ ಗೋಮಾಳದಲ್ಲಿ 150 ವರ್ಷದಿಂದ ಈ ಚಿಟ್ಟೆ ಇರಲಿಲ್ಲ. 2019ರಲ್ಲಿ ಅಲ್ಲಿ 1100 ಮರಿಹುಳಗಳನ್ನು ಬಿಟ್ಟರು. ಮಾರನೆಯ ಬೇಸಿಗೆಯಲ್ಲಿ ಸುಮಾರು 750 ಚಿಟ್ಟೆಗಳು ಹಾರಿದವು.

ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವುದು ಆ ಬೇಲಿ. ಅದನ್ನು ಹಾಕಿದವರು ಚಿಟ್ಟೆಯನ್ನು ಪ್ರೀತಿಸಿದವರೇ. ಪ್ರೀತಿ ಇತ್ತು, ಹುಲ್ಲಿನ ಎತ್ತರ ಅಳೆಯುವ ತಾಳ್ಮೆ ಬರಲು ಇನ್ನೂ ಕಾಲ ಬೇಕಿತ್ತು.

ಅಷ್ಟು ಅದೃಷ್ಟ ಸ್ಯಾನ್ ಫ್ರಾನ್ಸಿಸ್ಕೊದ ಜರ್ಸಿಸ್ ಬ್ಲೂಗೆ ಇರಲಿಲ್ಲ. ಆ ನಗರದ ಸಮುದ್ರದಂಡೆಯ ಮರಳುದಿಬ್ಬಗಳಲ್ಲಿ ಮಾತ್ರ ಇದ್ದ ಚಿಟ್ಟೆ. 1852ರಲ್ಲಿ ಫ್ರಾನ್ಸಿನ ಬ್ವಾದುವಾಲ್ ಅದಕ್ಕೆ ಹೆಸರಿಟ್ಟರು. ನಗರ ಬೆಳೆಯುತ್ತ ದಿಬ್ಬಗಳ ಮೇಲೆ ಬೀದಿ, ಮನೆ ಬಂದವು. 1940ರ ದಶಕದ ಆರಂಭದ ನಂತರ ಅದನ್ನು ಯಾರೂ ಕಂಡಿಲ್ಲ. ಉತ್ತರ ಅಮೆರಿಕದಲ್ಲಿ ನಗರ ಬೆಳೆದದ್ದರಿಂದಲೇ ಅಳಿದುಹೋದ ಮೊದಲ ಚಿಟ್ಟೆ ಎಂದು ಅದನ್ನು ಗುರುತಿಸುತ್ತಾರೆ. 1971ರಲ್ಲಿ ರಾಬರ್ಟ್ ಮೈಕೆಲ್ ಪೈಲ್ ಕೀಟಗಳ ಸಂರಕ್ಷಣೆಗಾಗಿ ಕಟ್ಟಿದ ಸಂಸ್ಥೆಗೆ ಇದರ ಹೆಸರನ್ನೇ ಇಟ್ಟರು. 2021ರಲ್ಲಿ 93 ವರ್ಷ ಹಳೆಯ ಮಾದರಿಯೊಂದರ ಡಿಎನ್‌ಎ ಪರೀಕ್ಷಿಸಿ ಅದು ಪ್ರತ್ಯೇಕ ಪ್ರಭೇದವೇ ಆಗಿತ್ತೆಂದು ಖಚಿತಪಡಿಸಿಕೊಂಡರು. 2024ರಲ್ಲಿ ಅದರ ಹತ್ತಿರದ ಬಂಧು ಸಿಲ್ವರಿ ಬ್ಲೂವನ್ನು ಉಳಿದ ದಿಬ್ಬಗಳಿಗೆ ತಂದು ಬಿಟ್ಟಿದ್ದಾರೆ. ನೆಂಟನಿಂದ ಖಾಲಿ ಮನೆ ತುಂಬಿಸುವ ಈ ಯತ್ನ ನನಗೆ ಒಪ್ಪಿಗೆಯೇ. ಹೋದದ್ದು ಮಾತ್ರ ಬರುವುದಿಲ್ಲ.

ಅಮೆರಿಕದ ನೀಲಿಗಳ ಮಾತು ಬಂದಾಗ ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ ಅವರನ್ನು ಸಾಹಿತ್ಯದ ವಿದ್ಯಾರ್ಥಿಗಳ ಸಲುವಾಗಿ ನೆನೆಯುತ್ತೇನೆ. 1940ರ ದಶಕದಲ್ಲಿ ಅವರು ಹಾರ್ವರ್ಡ್‌ನ ವಸ್ತುಸಂಗ್ರಹಾಲಯದಲ್ಲಿ ಚಿಟ್ಟೆಗಳ ವಿಭಾಗ ನೋಡಿಕೊಳ್ಳುತ್ತ, ಸೂಕ್ಷ್ಮದರ್ಶಕದ ಮುಂದೆ ಕೂತು ನೀಲಿಗಳನ್ನೇ ಅಧ್ಯಯನ ಮಾಡಿದವರು. ಅಮೆರಿಕ ಖಂಡಗಳ ನೀಲಿಗಳು ಏಷ್ಯಾದಿಂದ ಬೇರಿಂಗ್ ಜಲಸಂಧಿಯ ದಾರಿಯಲ್ಲಿ ಐದು ಅಲೆಗಳಾಗಿ ಬಂದವು ಎಂದು 1945ರಲ್ಲಿ ಬರೆದರು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 2011ರಲ್ಲಿ ಡಿಎನ್‌ಎ ಅಧ್ಯಯನ ಅವರ ಮಾತನ್ನೇ ಎತ್ತಿಹಿಡಿಯಿತು.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಚಿಟ್ಟೆ ಎಂದರೆ ಪಶ್ಚಿಮ ಘಟ್ಟ ಎಂದೇ ಯೋಚನೆ ಹೋಗುತ್ತದೆ. ಅಲ್ಲಿ 330ಕ್ಕೂ ಹೆಚ್ಚು ಪ್ರಭೇದಗಳಿವೆ, ಆ ಹೆಮ್ಮೆ ಸರಿಯೇ. ಬಯಲುಸೀಮೆಯ ಕುರುಚಲು, ಹುಲ್ಲುಗಾವಲು, ಗೋಮಾಳ, ಕಾವಲುಗಳ ಮೇಲೆ ಆ ಅಕ್ಕರೆ ಇನ್ನೂ ಹರಿದಿಲ್ಲ. ಗ್ರಾಸ್ ಬ್ಲೂಗಳು, ನಮ್ಮ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದಾದ ಗ್ರಾಸ್ ಜುವೆಲ್, ಕಾದ ಬರಿನೆಲದ ಮೇಲೆ ರೆಕ್ಕೆ ಹರಡಿ ಕೂರುವ ಬ್ಲೂ ಪ್ಯಾನ್ಸಿ, ಇವೆಲ್ಲ ಮೆಚ್ಚುವುದು ಬಿಸಿಲು ನೆಲ ಮುಟ್ಟುವ ತೆರೆದ ಜಾಗಗಳನ್ನು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಬ್ಬಿದ್ದವು. ಇಂದು ಉಳಿದಿರುವುದು ಅದರ ಸಣ್ಣ ಪಾಲು. ಕಂದಾಯದ ದಾಖಲೆಯಲ್ಲಿ ಇಂಥ ನೆಲ ಖರಾಬು. ಖರಾಬು ಎಂದ ಮೇಲೆ ಯಾರಿಗೆ ಕೊಟ್ಟರೂ ನಷ್ಟವಿಲ್ಲ ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ.

ಇನ್ನೂ ನೋವಿನ ಸಂಗತಿ, ಒಳ್ಳೆಯ ಮನಸ್ಸಿನಿಂದಲೇ ಇಲ್ಲಿ ಮರ ನೆಡುವುದು. ಹುಲ್ಲುಗಾವಲಿನಲ್ಲಿ ಸಾಲಾಗಿ ಅಕೇಶಿಯಾ, ನೀಲಗಿರಿ ನೆಟ್ಟು, ದನಕ್ಕೆ ಕಂದಕ ತೋಡಿ, ಹಸಿರಾಯಿತು ಎಂದು ಸಂತೋಷಪಡುತ್ತೇವೆ. ನೆರಳು ಕವಿದ ನೆಲದಲ್ಲಿ ನೆಗ್ಗಿಲಮುಳ್ಳು ಹಬ್ಬುವುದಿಲ್ಲ. ನೆಲದ ಬಿಸಿ ಬದಲಾದಾಗ ಇರುವೆಗಳೂ ಬದಲಾಗುತ್ತವೆ. ಇಂಗ್ಲೆಂಡಿನ ಆ ಬೇಲಿಗೂ ಈ ಕಂದಕಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಹಾಗೆಂದು ಮಿತಿಮೀರಿ ಮೇಯಿಸಿ ನೆಲವನ್ನು ಬೋಳು ಮಾಡಿದರೂ ಸರಿಯೆಂದು ನಾನು ಹೇಳುತ್ತಿಲ್ಲ. ಎಷ್ಟು ದನ, ಯಾವ ತಿಂಗಳು, ಎಷ್ಟು ದಿನ ಎಂಬ ಲೆಕ್ಕ ಹಿಂದೆ ಕಾವಲುಗಳಲ್ಲೂ ಇತ್ತು, ಊರ ದನಗಾಹಿಗೂ ಇತ್ತು. ಥಾಮಸ್ ತಂಡ ವರ್ಷಗಟ್ಟಲೆ ಅಳೆದು ಮತ್ತೆ ಕಟ್ಟಿಕೊಂಡದ್ದು ಅಂಥದ್ದೇ ಲೆಕ್ಕವನ್ನು. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಬೇಕೆಂದು ಪರಿಸರಾಸಕ್ತರು ವರ್ಷಗಳ ಕಾಲ ಹೋರಾಡಿದರು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಒಪ್ಪಿತು. ಇದು ಬಹಳ ದೊಡ್ಡ ಹೆಜ್ಜೆ.

ಕೊನೆಯದಾಗಿ ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೂ ಪಂಚಾಯಿತಿ ಸದಸ್ಯರಿಗೂ ಒಂದು ಕೋರಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಅದರಲ್ಲಿ ನಿಮ್ಮ ಊರಿನ ಗೋಮಾಳಕ್ಕೆ ಒಂದು ಪುಟ ಕೊಡಿ. ಮಳೆಗಾಲ ಕಳೆದ ಮೇಲೆ, ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಹೋಗಿ. ಚಿಟ್ಟೆ ಹಿಡಿಯುವುದು ಬೇಡ; ಫೋನಿನಲ್ಲಿ ರೆಕ್ಕೆಯ ಅಡಿಬದಿಯ ಚಿತ್ರ ತೆಗೆದರೆ ಸಾಕು, ಗುರುತು ಹಿಡಿಯಲು ಅದೇ ಮುಖ್ಯ. ಅದು ಮೊಟ್ಟೆಯಿಟ್ಟ ಗಿಡದ ಹೆಸರನ್ನು ನಿಮ್ಮ ಊರಿನಲ್ಲಿ ಕರೆಯುವಂತೆಯೇ ಬರೆಯಿರಿ. ಮರಿಹುಳದ ಬಳಿ ಇರುವೆ ಇದ್ದರೆ ಅದನ್ನೂ, ಹುಲ್ಲು ಎಷ್ಟು ಬೆರಳೆತ್ತರ ಇದೆ ಎಂಬುದನ್ನೂ ಬರೆಯಿರಿ. ಆ ನೆಲದಲ್ಲಿ ಯಾರ ದನ-ಕುರಿ ಯಾವ ತಿಂಗಳಲ್ಲಿ ಮೇಯುತ್ತವೆ ಎಂದು ಕುರಿಗಾಹಿಗಳನ್ನು ಕೂರಿಸಿಕೊಂಡು ಕೇಳಿ ಅವರ ಮಾತನ್ನೂ ದಾಖಲಿಸಿ. ಯಾವತ್ತಾದರೂ ಆ ಸರ್ವೆ ನಂಬರು ಖರಾಬು ಎಂಬ ಹೆಸರಿನಲ್ಲಿ ಸಭೆಯ ಮುಂದೆ ಬಂದಾಗ, ಮೇಜಿನ ಮೇಲೆ ಇಡಲು ಆ ಪುಟ ಇರಬೇಕು.